ಪುನರ್ವಸು ಮಳೆಯಲ್ಲಿ ತಗ್ಗು ಕಾರು: ಶಿವಮೊಗ್ಗ, ಆಗುಂಬೆ, ಹುಲಿಕಲ್, ಜೋಗ

ಹಿಮದ ಬೆಟ್ಟಗಳಿಗೆ ಸ್ಪೋರ್ಟ್ಸ್ ಕಾರು ಒಯ್ಯುವವರ ಹತ್ತಿರ ಒಂದು ಪಟ್ಟಿ ಇರುತ್ತದೆ: ಚಳಿಗಾಲದ ಟೈರು, ಚಕ್ರಕ್ಕೆ ಸುತ್ತುವ ಚೈನು, ಹೆಪ್ಪುಗಟ್ಟದ ಕೂಲೆಂಟು, ಒಂದು ಸಲಿಕೆ. ಮಲೆನಾಡಿನಲ್ಲಿ ಹಿಮ ಬೀಳುವುದಿಲ್ಲ, ಆ ಪಟ್ಟಿಯೂ ಇಲ್ಲಿ ಹಾಗೆಹಾಗೇ ನಡೆಯುವುದಿಲ್ಲ. ಇಲ್ಲಿ ಕಾರನ್ನು ಒರೆಗೆ ಹಚ್ಚುವುದು ಆರಿದ್ರೆಯಿಂದ ಆಶ್ಲೇಷದ ತನಕದ ಮಳೆ. ಆಗುಂಬೆಯೊಂದರಲ್ಲೇ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಅಡಿಕೆ ತೋಟ ಇಟ್ಟವರು ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುತ್ತಾರೆ. ತೋಟಕ್ಕೆ ನೀರೇ ಬೀಳದಂತೆ ಯಾರೂ ಮಾಡು ಹಾಕುವುದಿಲ್ಲ. ತಗ್ಗು ಕಾರಿನ ತಯಾರಿಯೂ ಹೆಚ್ಚುಕಡಿಮೆ ಅದೇ ಕೆಲಸ. ಬಂದ ನೀರು ಎಲ್ಲಿಂದ ಹೊರಗೆ ಹೋಗಬೇಕು ಅಂತ ನೋಡಿ ಆ ದಾರಿ ಬಿಡಿಸಿ ಕೊಡಬೇಕು: ಟೈರಿನ ಗೆರೆಯಲ್ಲಿ, ಗಾಜಿನ ಬುಡದಲ್ಲಿ, ಬಾಗಿಲಿನ ಅಡಿಯಲ್ಲಿ, ಬ್ರೇಕ್ ಆಯಿಲ್‌ನಲ್ಲಿ.

ಕಾರು ಪೋರ್ಷೆ 718 ಕೇಮನ್. ಇಂಜಿನ್ನು ಸೀಟಿನ ಹಿಂದೆ, ತಿರುಗುವುದು ಹಿಂದಿನ ಚಕ್ರ. 2 ಲೀಟರಿನ ಟರ್ಬೊ, 300 ಅಶ್ವಶಕ್ತಿ. ಇಂಜಿನ್ನು ಇನ್ನೂ ನಿಮಿಷಕ್ಕೆ 1,950 ಸುತ್ತಿನಲ್ಲಿರುವಾಗಲೇ 380 ನ್ಯೂಟನ್ ಮೀಟರ್ ಟಾರ್ಕ್ ಪೂರ್ತಿ ಬಂದುಬಿಡುತ್ತದೆ. ಒಣ ರಸ್ತೆಯಲ್ಲಿ ಇದು ಸುಖ. ಹಲಸಿನ ತೊಳೆ ಅರೆದುಹೋದ ತಿರುವಿನಲ್ಲಿ ಇದೇ ತಲೆನೋವು. ಜುಲೈ ಎರಡನೇ ವಾರ, ಐದು ದಿನ, ಸುಮಾರು 500 ಕಿ.ಮೀ.

ಮೊದಲ ದಿನ: ಶಿವಮೊಗ್ಗ, ಲಿಫ್ಟ್ ಮೇಲೆ

ಮೊದಲ ದಿನ ಕಾರು ಊರು ಬಿಟ್ಟು ಕದಲಲಿಲ್ಲ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಎರಡು ಕಂಬದ ಲಿಫ್ಟ್ ಇರುವ ಗ್ಯಾರೇಜು ಹಿಡಿದರೆ ಈ ಕೆಲಸಕ್ಕೆ ಸಾಕು, ಕಂಪನಿ ಸರ್ವಿಸ್ ಸೆಂಟರೇ ಆಗಬೇಕೆಂದಿಲ್ಲ. ಒಂದೇ ಎಚ್ಚರಿಕೆ: ಲಿಫ್ಟಿನ ತೋಳುಗಳು ಕೂರಬೇಕಾದದ್ದು ಕಾರಿನ ಅಡಿಯಲ್ಲಿ ಗುರುತು ಮಾಡಿರುವ ನಾಲ್ಕು ಜಾಗದಲ್ಲಿ ಮಾತ್ರ. ಅಡಿಗೆಲ್ಲ ಪ್ಲಾಸ್ಟಿಕ್ ಹಲಗೆ ಹೊದಿಸಿರುವುದರಿಂದ ಎಲ್ಲಿ ಕೊಟ್ಟರೂ ಗಟ್ಟಿಯಾಗಿರುವಂತೆ ಕಾಣುತ್ತದೆ; ತಪ್ಪಿ ಕೊಟ್ಟರೆ ಹಲಗೆ ಸೀಳುತ್ತದೆ. ರಬ್ಬರ್ ಪ್ಯಾಡ್ ಇಲ್ಲದಿದ್ದರೆ ಹಳೇ ಟೈರಿನ ತುಂಡು ಇಡಬಹುದು.

ಮೊದಲು ಟೈರು. 18 ಇಂಚಿನ ಚಕ್ರಕ್ಕೆ ಮುಂದೆ 235/45, ಹಿಂದೆ 265/45. ಮುಂದಿನದನ್ನು ಹಿಂದಕ್ಕೆ ಹಾಕಿ ಅದಲುಬದಲು ಮಾಡುವ ಹಾಗಿಲ್ಲ. ಹಿಂದಿನ ಟೈರು ಬೇಗ ಸವೆಯುತ್ತದೆ, ಅದರಲ್ಲೂ ಒಳಮಗ್ಗುಲು. ಚಕ್ರದ ನೆತ್ತಿ ಸ್ವಲ್ಪ ಒಳಕ್ಕೆ ವಾಲಿರುವುದೇ ಕಾರಣ. ಕಾರಿನ ಪಕ್ಕ ನಿಂತು ನೋಡಿದರೆ ಗೆರೆ ಚೆನ್ನಾಗಿಯೇ ಕಾಣುತ್ತದೆ, ಲಿಫ್ಟ್ ಏರಿದ ಮೇಲೆ ಒಳಗಡೆ ಬೋಳಾಗಿರುವುದು ತಿಳಿಯುತ್ತದೆ. ಅದಕ್ಕೇ ಅಳತೆಯನ್ನು ಒಳಗೆ, ನಡುವೆ, ಹೊರಗೆ ಹೀಗೆ ಮೂರು ಕಡೆ ತೆಗೆಯಬೇಕು. ಗೆರೆಯ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ.; ಗೆರೆಯೊಳಗಿನ ಸಣ್ಣ ದಿಬ್ಬ ಹೇಳುವುದೂ ಅದನ್ನೇ. ಮಲೆನಾಡಿನ ಜುಲೈಗೆ ಅದು ಸಾಲದು. ಹಿಂದೆ 4 ಮಿ.ಮೀ.ಗಿಂತ ಕಡಿಮೆ ಇದ್ದರೆ ಈ ಪ್ರಯಾಣ ಬೇಡ. ಟೈರು ಅಗಲವಾದಷ್ಟೂ ಪಕ್ಕಕ್ಕೆ ತಳ್ಳಬೇಕಾದ ನೀರು ಹೆಚ್ಚು. 265ರ ಟೈರು ಗೆರೆ ಕಳೆದುಕೊಂಡರೆ ಆಲ್ಟೊ ಕಾರಿನ ಟೈರಿಗಿಂತ ಎಷ್ಟೋ ಮೊದಲೇ ತೇಲುತ್ತದೆ. ಹೊಸದು ಹಾಕುವುದಾದರೆ ಒಂದೇ ಆಕ್ಸಲ್‌ನಲ್ಲಿ ಒಂದೇ ಕಂಪನಿ, ಒಂದೇ ನಮೂನೆ. ಪೋರ್ಷೆ ಒಪ್ಪಿದ ಟೈರಿನ ಪಕ್ಕದಲ್ಲಿ ‘ಎನ್’ ಅಕ್ಷರದ ಗುರುತು ಇರುತ್ತದೆ. ಅದೂ ಎರಡು ಕಡೆ ಒಂದೇ ಇರಲಿ.

ಹಿಮಕ್ಕೆ ಮಾಡಿದ ಟೈರು ತರಿಸಿ ಹಾಕಿದರೆ ಮಳೆಗೂ ಗಟ್ಟಿ ಹಿಡಿತ ಸಿಗಬಹುದಲ್ಲ ಅಂತ ಕೇಳುವವರಿದ್ದಾರೆ. ಸಿಗುವುದಿಲ್ಲ. ಚಳಿಗಾಲದ ಟೈರಿನ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮೆದುವಾಗಿ ಉಳಿಯುವಂತೆ ಮಾಡಿದ್ದು. ಬೇಸಿಗೆ ಟೈರು ಆ ತಂಪಿನಲ್ಲಿ ಮರಗಟ್ಟುತ್ತದೆ. ಆಗುಂಬೆಯ ಕಡು ಮಳೆಯಲ್ಲೂ ಗಾಳಿಯ ತಾಪ 20 ಡಿಗ್ರಿ ಆಸುಪಾಸು. ಅಷ್ಟು ಬೆಚ್ಚಗೆ ಆ ರಬ್ಬರು ಹಿಟ್ಟಿನ ಹಾಗೆ ನುಲಿಯುತ್ತದೆ, ಬ್ರೇಕ್ ಹಾಕಿದಾಗ ಕಾರು ಇನ್ನೂ ದೂರ ಹೋಗಿ ನಿಲ್ಲುತ್ತದೆ. ಗೆರೆ ಆಳವಾಗಿರುವ ಮಾಮೂಲಿ ಟೈರೇ ಇಲ್ಲಿಗೆ ಸರಿ.

ಗಾಳಿ ಕಡಿಮೆ ಮಾಡಿದರೆ ಹಿಡಿತ ಜಾಸ್ತಿ ಎನ್ನುವ ಮಾತು ಪಂಕ್ಚರ್ ಅಂಗಡಿಗಳಲ್ಲಿ ಇನ್ನೂ ಓಡಾಡುತ್ತಿದೆ. ಕೆಸರು ಗದ್ದೆಗೆ ಇಳಿಯುವ ಜೀಪಿಗೆ ಅದು ಸರಿ. ಡಾಂಬರಿನ ಮೇಲೆ ನಿಂತ ನೀರಿಗೆ ಉಲ್ಟಾ. ವಿಮಾನದ ಟೈರುಗಳ ಪರೀಕ್ಷೆಯಿಂದ ಬಂದ ಹಳೇ ಲೆಕ್ಕವೊಂದಿದೆ: ಪಿಎಸ್ಐ ಲೆಕ್ಕದ ಗಾಳಿಯ ಒತ್ತಡದ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿದರೆ ಟೈರು ನೀರಿನ ಮೇಲೆ ತೇಲಲು ಶುರುವಾಗುವ ವೇಗ ಗಂಟೆಗೆ ಇಷ್ಟು ಕಿ.ಮೀ. ಅಂತ ಸಿಗುತ್ತದೆ. 33 ಪಿಎಸ್ಐ ಇದ್ದರೆ 96 ಕಿ.ಮೀ., 26ಕ್ಕೆ ಇಳಿಸಿದರೆ 85. ಗೆರೆ ಸವೆದ ಟೈರಿಗೆ, ನಿಂತ ನೀರಿಗೆ ಹೊಂದುವ ಲೆಕ್ಕ ಇದು. ಕಾರಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುವಷ್ಟು ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ಹೊಡೆಸಿದರೆ ಮುಗಿಯಿತು.

ಎರಡನೆಯದು ಬಸಿಗಾಲುವೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂರುವ ಜಾಗದ ಕೆಳಗೆ, ಒಂದು ತೊಟ್ಟಿ ಇದೆ. ಗಾಜಿನಿಂದ ಇಳಿದ ನೀರೆಲ್ಲ ಅಲ್ಲಿಗೆ ಬಂದು ಎರಡು ಪಕ್ಕದ ತೂತುಗಳಿಂದ ಕೆಳಗೆ ಹೋಗಬೇಕು. ಈ ಕಾರಿನಲ್ಲಿ ಬ್ಯಾಟರಿ ಇರುವುದೂ ಅಲ್ಲೇ ಹತ್ತಿರ. ಒಂದು ಬೇಸಿಗೆ ಮಾವಿನ ಮರದಡಿ ನಿಂತ ಕಾರಿನಲ್ಲಿ ಆ ತೂತು ತುಂಬಾ ಎಲೆ ಕೊಳೆತು ಗೊಬ್ಬರವಾಗಿರುತ್ತದೆ. ಕೈಯಲ್ಲಿ ತೆಗೆಯುವಷ್ಟು ತೆಗೆದು, ಉಳಿದದ್ದಕ್ಕೆ ಕಳೆ ಕೊಚ್ಚುವ ಮಷೀನಿನ ನೈಲಾನ್ ದಾರ ಬಳಸಬೇಕು. ತುದಿಯನ್ನು ಮೇಣದಬತ್ತಿಗೆ ಹಿಡಿದು ಗುಂಡಗೆ ಮಾಡಿಕೊಂಡರೆ ಕೊಳವೆಗೆ ಗೀರು ಬೀಳುವುದಿಲ್ಲ. ಕಬ್ಬಿಣದ ತಂತಿ ಬೇಡ, ಕಂಪ್ರೆಸರ್ ಗಾಳಿಯಂತೂ ಬೇಡವೇ ಬೇಡ. ಗಾಳಿ ಹೊಡೆದರೆ ಒಳಗಿನ ಕೊಳವೆಯ ಜೋಡಣೆ ಕಳಚಿಕೊಂಡು, ಹೊರಗೆ ಹೋಗಬೇಕಾದ ನೀರು ಕಾರ್ಪೆಟ್ ಅಡಿಗೆ ಬೀಳುತ್ತದೆ. ಆಮೇಲೆ ಒಂದು ಲೀಟರ್ ನೀರನ್ನು ನಿಧಾನವಾಗಿ ಸುರಿದು, ಕಾರಿನ ಅಡಿಯಿಂದ ಎಡಕ್ಕೂ ಬಲಕ್ಕೂ ಧಾರೆಯಾಗಿ ಬರುತ್ತದೆಯೇ ನೋಡಬೇಕು. ತೊಟ್ಟಿಕ್ಕಿದರೆ ಇನ್ನೂ ಕಸ ಇದೆ ಅಂತ ಅರ್ಥ. ಬಾಗಿಲಿನ ಕೆಳತುದಿಯ ತೂತುಗಳನ್ನೂ ಹಾಗೇ ಬಿಡಿಸಬೇಕು. ಬಾಗಿಲು ತೆಗೆದಾಗ ಒಳಗೆ ‘ಗಳಗಳ’ ಅಂದರೆ ಅವು ಕಟ್ಟಿವೆ. ಇದೇ ಕಾರಿನ ಬಟ್ಟೆಯ ಮಾಡಿನ ರೂಪವಾದ ಬಾಕ್ಸ್‌ಸ್ಟರ್ ಆದರೆ ಮಾಡು ಮಡಚುವ ಜಾಗದ ಇಕ್ಕೆಲದಲ್ಲೂ ತೂತುಗಳಿವೆ. ಅವು ಕಟ್ಟಿದರೆ ನೀರು ಸೀಟಿನ ಹಿಂದೆ ಇಳಿಯುತ್ತದೆ. ಹಳೇ ಬಾಕ್ಸ್‌ಸ್ಟರ್‌ಗಳಲ್ಲಿ ಸೀಟಿನ ಕೆಳಗೇ ಇದ್ದ ಕಂಟ್ರೋಲ್ ಯೂನಿಟ್ಟು ಹಾಳಾಗಿ, ಕೀಲಿ ತಿರುಗಿಸಿದರೂ ಕಾರು ಮಿಸುಕದೆ ನಿಂತದ್ದು ಹೀಗೆಯೇ.

ಮೂರನೆಯದು ರೇಡಿಯೇಟರ್. ಇಂಜಿನ್ ಹಿಂದಿದ್ದರೂ ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ದವಡೆಯಲ್ಲಿವೆ. ದೊಡ್ಡ ಬಾಯಿ, ನೆಲಕ್ಕೆ ಹತ್ತಿರ: ರಸ್ತೆಯ ಎಲೆಯನ್ನೆಲ್ಲ ಪೊರಕೆಯ ಹಾಗೆ ಗುಡಿಸಿ ನುಂಗುತ್ತದೆ. ಒದ್ದೆ ಎಲೆ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕೂತರೆ ಗಾಳಿ ಆಡುವುದಿಲ್ಲ, ಅಲ್ಯೂಮಿನಿಯಂ ತೇವದಲ್ಲೇ ತಿಂದುಹೋಗುತ್ತದೆ. ಸಪೂರ ಪೈಪು ಜೋಡಿಸಿದ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು ತೆಗೆಯಬೇಕು. ಪ್ರೆಷರ್ ವಾಷರ್ ಹಿಡಿದರೆ ಕಾಗದದಂಥ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಬದಲಾಯಿಸಲೇಬೇಕು, ಕಿ.ಮೀ. ಎಷ್ಟೇ ಕಡಿಮೆ ಓಡಿರಲಿ. ಅದು ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಶೆಡ್ಡಿನಲ್ಲಿ ನಿಂತ ಕಾರಿಗಂತೂ ತೇವಕ್ಕೆ ಬರವೇ ಇಲ್ಲ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯ ತನಕ ಕುದಿಯಬಾರದು ಎಂಬುದು ನಿಯಮ, ನೂರಕ್ಕೆ 3.7ರಷ್ಟು ನೀರು ಸೇರಿದರೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಕಾಲಿಟ್ಟ ಪೆಡಲ್ಲು ಹತ್ತಿಯ ಹಾಗೆ ಒಳಗೆ ಹೋಗುವುದು ಆಯಿಲ್ ಕುದ್ದು ಗುಳ್ಳೆ ಕಟ್ಟಿದಾಗ.

ಕೂಲೆಂಟು ಅರ್ಧಕ್ಕರ್ಧ ನೀರು ಬೆರೆತದ್ದೇ ಇರಲಿ. ಹಿಮದ ಊರಿನಲ್ಲಿ ಅದು ಮೈನಸ್ 37 ಡಿಗ್ರಿಯ ತನಕ ಹೆಪ್ಪುಗಟ್ಟದೆ ಕಾಯುತ್ತದೆ, ನಮಗೆ ತುಕ್ಕಿನಿಂದ ಕಾಯುತ್ತದೆ. ಬಾವಿ ನೀರು ತುಂಬಿ ‘ಟಾಪ್ ಅಪ್’ ಮಾಡುವ ಅಭ್ಯಾಸ ಈ ಕಾರಿಗೆ ಬೇಡ.

ವೈಪರ್ ಬ್ಲೇಡ್ ಹೊಸದು. ಗಾಜನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಉಜ್ಜಿ ಎಣ್ಣೆಯ ಪೊರೆ ತೆಗೆಯಬೇಕು. ನೀರು ಜಾರಿಸುವ ಲೇಪನ ಹಚ್ಚುವುದನ್ನು ನಾವು ಹೇಳುವುದಿಲ್ಲ. ಗಂಟೆಗೆ 60 ಕಿ.ಮೀ. ದಾಟಿದಾಗ ಹನಿ ತಾನಾಗಿ ಹಾರಿಹೋಗುತ್ತದೆ, ನಿಜ. ಘಾಟಿಯ 20 ಕಿ.ಮೀ. ವೇಗದಲ್ಲಿ ಅದೇ ಹನಿ ಮುತ್ತಿನ ಹಾಗೆ ಕೂತು, ಎದುರು ಬಸ್ಸಿನ ಲೈಟನ್ನು ಸಾವಿರ ಮಾಡುತ್ತದೆ.

ಕೊನೆಗೆ ಚಕ್ರದ ಬೋಲ್ಟ್: 160 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲೇ. ಉದ್ದ ಪೈಪು ಸಿಕ್ಕಿಸಿ ಕಾಲಲ್ಲಿ ತುಳಿದು ಬಿಗಿ ಮಾಡಿದರೆ ದಾರಿಯಲ್ಲಿ ಬಿಚ್ಚಲು ಬರುವುದಿಲ್ಲ. 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು.

ಈ ಕಾರಿಗೆ ಸ್ಟೆಪ್ನಿ ಇಲ್ಲ. ಕೊಟ್ಟಿರುವುದು ಒಂದು ಸಣ್ಣ ಕಂಪ್ರೆಸರ್, ಒಂದು ಬಾಟಲಿ ಅಂಟು. ಬಾಟಲಿಯ ಮೇಲಿನ ತಾರೀಖು ಮುಗಿದಿದ್ದರೆ ಅದು ಗಟ್ಟಿಯಾಗಿರುತ್ತದೆ. ಮೊಳೆಯ ತೂತಿಗೆ ಅಂಟು ಸಾಕು, ಜಲ್ಲಿಕಲ್ಲು ಪಕ್ಕವನ್ನೇ ಸೀಳಿದರೆ ಏನೂ ಮಾಡಲಾಗದು. ಬ್ಯಾಟರಿ ಸತ್ತರೆ ಮುಂದಿನ ಡಿಕ್ಕಿಯೂ ತೆರೆಯುವುದಿಲ್ಲ, ಏಕೆಂದರೆ ಅದರ ಚಿಲಕ ಕರೆಂಟಿನದು. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಬಾಕ್ಸಿನಲ್ಲಿ ಹೊರಗೆ ಎಳೆಯುವ ಒಂದು ಟರ್ಮಿನಲ್ ಇದೆ. ಅದಕ್ಕೆ ಬೇರೆ ಬ್ಯಾಟರಿಯ ಪ್ಲಸ್ ಕೊಟ್ಟು, ಮೈನಸ್ಸನ್ನು ಬಾಗಿಲಿನ ಚಿಲಕ ಕೂರುವ ಲೋಹದ ಕೊಂಡಿಗೆ ಕೊಟ್ಟರೆ ಡಿಕ್ಕಿ ತೆರೆಯುತ್ತದೆ. ಹಾಗಾಗಿ ಜಂಪರ್ ಕೇಬಲ್ ಡಿಕ್ಕಿಯಲ್ಲಲ್ಲ, ಸೀಟಿನ ಹಿಂದೆ. ಜೊತೆಗೆ ಎರಡು ಹಳೇ ಟವೆಲ್, ಪ್ಲಾಸ್ಟಿಕ್ ಟೈ, ಎಳೆಯುವ ಕೊಕ್ಕೆ, ಒಂದು ಕತ್ತಿ. ಕತ್ತಿ ರಸ್ತೆಗೆ ಬಿದ್ದ ಬಿದಿರಿಗೆ.

ಎರಡನೇ ದಿನ: ತೀರ್ಥಹಳ್ಳಿ, ಆಗುಂಬೆ

ಬೆಳಿಗ್ಗೆ ಆರೂವರೆಗೆ ಬಿಟ್ಟರೆ ಗಾಜನೂರು ದಾಟುವಾಗ ಶಾಲೆಯ ವ್ಯಾನುಗಳು ಇನ್ನೂ ರಸ್ತೆಗೆ ಬಂದಿರುವುದಿಲ್ಲ. ರಾತ್ರಿ ಮಳೆಯಲ್ಲಿ ನೆನೆದ ಬ್ರೇಕ್ ಡಿಸ್ಕಿನ ಮೇಲೆ ಕೆಂಪು ತುಕ್ಕಿನ ಪೊರೆ ಬಂದಿರುತ್ತದೆ. ಮೊದಲ ನಾಲ್ಕೈದು ಬ್ರೇಕಿಗೆ ‘ಕರಕರ’ ಸದ್ದು ಮಾಡಿ ಹೋಗುತ್ತದೆ. ಗಾಬರಿಯ ವಿಷಯವಲ್ಲ, ಆದರೆ ಆ ನಾಲ್ಕೈದು ಬ್ರೇಕನ್ನು ಖಾಲಿ ರಸ್ತೆಯಲ್ಲಿ ಬೇಕೆಂದೇ ಹಾಕಿ ಮುಗಿಸಬೇಕು.

ತೀರ್ಥಹಳ್ಳಿಯ ತನಕ 60 ಕಿ.ಮೀ. ತುಂಗೆ ಬಲಕ್ಕೋ ಎಡಕ್ಕೋ ಮರಗಳ ಸಂದಿಯಲ್ಲಿ ಕೆಂಪಾಗಿ ಕಾಣುತ್ತಿರುತ್ತದೆ. ಮಂಡಗದ್ದೆಯ ಹತ್ತಿರ ಹೊಳೆ ನಡುವಿನ ಮರಗಳಲ್ಲಿ ಹಕ್ಕಿಗಳ ಕಾಲ ಇದು. ಕಾರು ನಿಲ್ಲಿಸುವುದಾದರೆ ರಸ್ತೆ ಬಿಟ್ಟು ಪೂರ್ತಿ ಕೆಳಗಿಳಿಸಬೇಕು, ಆದರೆ ರಸ್ತೆಯಂಚಿನ ಹಸಿ ಮಣ್ಣಿಗಲ್ಲ. ಡಾಂಬರಿನ ಅಂಚು ಅಲ್ಲಲ್ಲಿ ಒಂದು ಗೇಣು ಎತ್ತರ. ತಗ್ಗು ಕಾರಿನ ಒಂದು ಪಕ್ಕದ ಚಕ್ರ ಅಲ್ಲಿಂದ ಇಳಿದರೆ ಹೊಟ್ಟೆ ಡಾಂಬರಿನ ಮೇಲೆ ಕೂರುತ್ತದೆ, ಚಕ್ರ ಗಾಳಿಯಲ್ಲಿ ತಿರುಗುತ್ತದೆ. ಆಮೇಲೆ ಹತ್ತು ಜನ ಬೇಕು.

ಹಂಪುಗಳ ಮಾತು ಇಲ್ಲೇ ಹೇಳಬೇಕು. ರೂಲ್ಸಿನ ಪ್ರಕಾರ ಕಟ್ಟಿದ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅದನ್ನು ಈ ಕಾರು ನೇರವಾಗಿಯೇ ದಾಟುತ್ತದೆ. ಊರಿನವರೇ ಸೇರಿ ಹಾಕಿಸಿದ ಹಂಪು ಎತ್ತರ ಅಷ್ಟೇ, ಅಗಲ ಒಂದು ಮಾರು ಇಲ್ಲ. ಮುಂದಿನ ಎರಡು ಚಕ್ರ ಒಟ್ಟಿಗೆ ಇಳಿದಾಗ ಬಂಪರಿನ ಗಲ್ಲ ನೆಲಕ್ಕೆ ತಾಗುತ್ತದೆ. ಓರೆಯಾಗಿ ಹತ್ತಿಸಿ, ಒಂದೊಂದೇ ಚಕ್ರ ಇಳಿಸಬೇಕು. ಬ್ರೇಕ್ ಒತ್ತಿಕೊಂಡೇ ಹಂಪು ದಾಟುವುದು ಎಲ್ಲರೂ ಮಾಡುವ ತಪ್ಪು. ಬ್ರೇಕಿಗೆ ಮೂಗು ಕೆಳಗೆ ಬಾಗಿರುತ್ತದೆ, ಬೇಕಾಗಿದ್ದ ಎರಡು ಬೆರಳಿನ ಜಾಗ ಅಲ್ಲೇ ಹೋಗುತ್ತದೆ. ಮುಂಚೆಯೇ ನಿಧಾನ ಮಾಡಿ, ಹತ್ತುವಾಗ ಬ್ರೇಕಿನಿಂದ ಕಾಲು ತೆಗೆದಿರಬೇಕು. ಚಹಾ ಅಂಗಡಿಯ ಮುಂದೆ ಈ ಓರೆ ನಡಿಗೆ ನೋಡಿದವರೊಬ್ಬರು, “ಮಳೆಗಾಲದಲ್ಲಿ ಇದನ್ನ ತಗೊಂಡು ಹೊರಟ್ರಾ ಮಾರಾಯ್ರೆ, ಮನೇಲಿ ಜೀಪಿಲ್ವಾ?” ಅಂದರು. ನ್ಯಾಯವಾದ ಪ್ರಶ್ನೆಯೇ.

ತೀರ್ಥಹಳ್ಳಿಯಿಂದ ಆಗುಂಬೆಗೆ ಸುಮಾರು 32 ಕಿ.ಮೀ. ಮೇಗರವಳ್ಳಿ, ಗುಡ್ಡೇಕೇರಿ ಕಡೆ ಬರುವಾಗ ಜಾರುವ ವಸ್ತುಗಳ ದೊಡ್ಡ ಸಂತೆಯೇ ರಸ್ತೆಯ ಮೇಲಿರುತ್ತದೆ. ಬಿದಿರೆಲೆ ಒಂದು. ಅಡಿಕೆ ಹಾಳೆ ಇನ್ನೊಂದು: ಒಳಮೈ ಮೇಲಾಗಿ ಬಿದ್ದಿದ್ದರೆ ಅದರ ಮೇಲೆ ಹೋದ ಚಕ್ರ ಆ ಕ್ಷಣ ರಸ್ತೆಯಲ್ಲಿ ಇಲ್ಲ. ಹಲಸಿನ ಹಣ್ಣು ಬಿದ್ದು ನಾಲ್ಕು ಬಸ್ಸು ಅರೆದುಹೋದ ಜಾಗ ಆಯಿಲ್ ಚೆಲ್ಲಿದ್ದಕ್ಕಿಂತ ಕಡೆ. ನಾಟಿ ಕಾಲವಾದ್ದರಿಂದ ಟಿಲ್ಲರಿನ ಕೇಜ್ ವೀಲಿನಿಂದ ಉದುರಿದ ಗದ್ದೆ ಮಣ್ಣು ತಿರುವಿನಲ್ಲೇ ಸಿಗುತ್ತದೆ. ಇನ್ನು ಮಧ್ಯಾಹ್ನವೂ ಬಿಸಿಲು ಬೀಳದ ಕಡೆ ಡಾಂಬರಿನ ಅಂಚಿಗೆ ಹಸಿರು ಪಾಚಿ. ಒಣ ಡಾಂಬರಿನಲ್ಲಿ ಟೈರಿನ ಹಿಡಿತ ಸುಮಾರು 0.8 ಅಂತ ಹಿಡಿದರೆ ಒದ್ದೆಯಲ್ಲಿ ಸುಮಾರು 0.5, ಹಿಮದಲ್ಲಿ 0.2. ಹಿಮದ ರಸ್ತೆ ಎಲ್ಲ ಕಡೆ ಒಂದೇ ಥರ ಜಾರುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಎಡ ಚಕ್ರದ ಅಡಿ ಡಾಂಬರು, ಬಲ ಚಕ್ರದ ಅಡಿ ಹಲಸು.

ಕಾಲು ಮೆತ್ತಗಿರಬೇಕು ಎನ್ನುವ ಮಾತು ಹಿಮಕ್ಕೂ ಮಳೆಗೂ ಒಂದೇ. ಸ್ಪೋರ್ಟ್ ಬಟನ್ ಒತ್ತಬಾರದು. ಒತ್ತಿದರೆ ಪೆಡಲ್ಲಿನ ಅದೇ ಒಂದಿಂಚಿಗೆ ಇಂಜಿನ್ನು ಹೆಚ್ಚು ಜೋರಾಗಿ ಎಳೆಯುತ್ತದೆ. ಜಾರುವ ಕಾರನ್ನು ತಾನಾಗಿ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡುವ ಪ್ರಶ್ನೆಯೇ ಇಲ್ಲ. ತಿರುವಿನ ನಡುವೆ ಹೆದರಿ ಪೆಡಲಿನಿಂದ ಕಾಲನ್ನು ಥಟ್ಟನೆ ತೆಗೆಯುವುದು ಈ ಕಾರಿನಲ್ಲಿ ಅತಿ ದೊಡ್ಡ ತಪ್ಪು. ಭಾರ ಮುಂದಕ್ಕೆ ಜರುಗಿ ಹಿಂದಿನ ಚಕ್ರ ಹಗುರಾಗುತ್ತದೆ, ಬಾಲ ಹೊರಗೆ ಬೀಸುತ್ತದೆ. ಇಂಜಿನ್ನಿನ ಭಾರ ನಡುವೆ ಇರುವುದರಿಂದ ಈ ಕಾರು ಜಾರುವುದು ತಡವಾಗಿ, ಜಾರಿದರೆ ಬುಗುರಿಯ ಹಾಗೆ. ಬ್ರೇಕನ್ನು ನೇರ ರಸ್ತೆಯಲ್ಲೇ ಮುಗಿಸಿ, ತಿರುವಿನಲ್ಲಿ ಪೆಡಲ್ಲನ್ನು ಒಂದೇ ಸಮ ಹಿಡಿದು ಸಾಗಿದರೆ ಅದು ತನ್ನ ಪಾಡಿಗೆ ಹೋಗುತ್ತದೆ.

ಆಗುಂಬೆ ಘಾಟಿ ಸೋಮೇಶ್ವರದ ತನಕ 14 ಹಿಮ್ಮುರಿ ತಿರುವು. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ಆಗಾಗ ನಿಷೇಧ ಬರುತ್ತದೆ, ಹೊರಡುವ ಮುಂಚೆ ಜಿಲ್ಲಾಡಳಿತದ ಆದೇಶ ನೋಡಿಕೊಳ್ಳಬೇಕು. ಇಳಿಯುವಾಗ ಆಟೊಮ್ಯಾಟಿಕ್ ಗೇರನ್ನು ಮ್ಯಾನ್ಯುಯಲ್‌ಗೆ ಹಾಕಿಕೊಂಡು ಎರಡನೆಯದರಲ್ಲಿ, ಹಿಮ್ಮುರಿಯಲ್ಲಿ ಒಂದನೆಯದರಲ್ಲಿ. ಇಕ್ಕಟ್ಟಿನಲ್ಲಿ ಹತ್ತುವವರಿಗೆ ದಾರಿ ಬಿಡುವುದು ಇಳಿಯುವವರ ಕೆಲಸ. ಇದು ಸೌಜನ್ಯವಷ್ಟೇ ಅಲ್ಲ, 2017ರ ವಾಹನ ಚಾಲನಾ ನಿಯಮವೂ ಹೌದು. ಮಿನಿ ಬಸ್ಸಿನವರು ಹಿಮ್ಮುರಿಗೆ ರಸ್ತೆಯ ಪೂರ್ತಿ ಅಗಲ ತೆಗೆದುಕೊಳ್ಳುತ್ತಾರೆ, ಬೇರೆ ಉಪಾಯವಿಲ್ಲ. ತಗ್ಗು ಕಾರು ಅವರ ಕನ್ನಡಿಗೂ ಕಣ್ಣಿಗೂ ಬೀಳುವುದಿಲ್ಲ. ತಿರುವಿಗೆ ಮುಂಚೆ ಹಾರ್ನ್, ಹಗಲಲ್ಲೂ ಡಿಮ್ ಲೈಟು.

ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ಡಿಮ್, ಹಿಂದಿನ ಫಾಗ್ ಲೈಟು, ಅಷ್ಟೇ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸುವುದು ನಮ್ಮಲ್ಲಿ ಫ್ಯಾಷನ್ ಆಗಿದೆ. ಹಿಂದಿನವರಿಗೆ ಕಾರು ನಿಂತಿದೆಯೋ ತಿರುಗುತ್ತದೋ ತಿಳಿಯುವುದಿಲ್ಲ. ಗಾಜು ಒಳಗಿನಿಂದ ಮಸುಕಾದರೆ ಎಸಿ ಹಾಕಿ, ಜೊತೆಗೆ ಬಿಸಿಯನ್ನೂ ಕೊಟ್ಟು, ಗಾಳಿ ಹೊರಗಿನಿಂದ ಬರುವಂತೆ ಇಡಬೇಕು. ಎಸಿ ತೇವ ಹಿಂಡುತ್ತದೆ, ಬಿಸಿ ಗಾಜನ್ನು ಒಣಗಿಸುತ್ತದೆ. ಒದ್ದೆ ಕೊಡೆ ಕಾರಿನೊಳಗೆ ಇಟ್ಟರೆ ಇದ್ಯಾವುದೂ ಸಾಲುವುದಿಲ್ಲ.

ರಾತ್ರಿ ಆಗುಂಬೆಯಲ್ಲಿ ನಿಲ್ಲಿಸುವಾಗ ಕೊನೆಯ ಒಂದು ಕಿ.ಮೀ. ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ಬಂದು ಡಿಸ್ಕ್ ಒಣಗಿಸಬೇಕು. ಹ್ಯಾಂಡ್ ಬ್ರೇಕಿನ ಶೂಗಳು ಒದ್ದೆಯಾಗಿ ಕೂತರೆ ಬೆಳಗಾಗುವುದರೊಳಗೆ ಅಂಟಿಕೊಳ್ಳುತ್ತವೆ. ಸಮತಟ್ಟು ಜಾಗ ಹುಡುಕಿ, ಪಾರ್ಕ್ ಗೇರಿನಲ್ಲಿಟ್ಟು, ಚಕ್ರಕ್ಕೆ ಅಡೆಕಲ್ಲು ಕೊಟ್ಟರೆ ಸಾಕು. ಮರದಡಿ ಬೇಡ, ಧರೆಯ (ರಸ್ತೆ ಪಕ್ಕದ ಕಡಿದಾದ ಮಣ್ಣಿನ ಗೋಡೆ) ಬುಡ ಬೇಡವೇ ಬೇಡ.

ಮೂರನೇ ದಿನ: ಮಾಸ್ತಿಕಟ್ಟೆ, ಹುಲಿಕಲ್, ನಗರ

ತೀರ್ಥಹಳ್ಳಿಗೆ ವಾಪಸ್ ಬಂದು ಯಡೂರು ಮೇಲೆ ಮಾಸ್ತಿಕಟ್ಟೆಯ ದಾರಿ. ಕವಲೇದುರ್ಗದ ಕೈಮರ ಇದೇ ದಾರಿಯಲ್ಲಿ ಸಿಗುತ್ತದೆ, ಕಾರಿಗೆ ಅಲ್ಲಿ ಕೆಲಸವಿಲ್ಲ. ರಸ್ತೆ ಕಿರಿದು, ವಾಹನ ಕಡಿಮೆ, ಮಳೆ ಹೆಚ್ಚು. ಇಲ್ಲಿ ನೋಡಬೇಕಾದದ್ದು ಎರಡು: ನೀರು ಮತ್ತು ಧರೆ.

ಹಳ್ಳ ರಸ್ತೆಯ ಮೇಲೆ ಹರಿಯುತ್ತಿದ್ದರೆ ಇಳಿದು ನಡೆದು ನೋಡಬೇಕು. ಇಂಬಳ (ಜಿಗಣೆ) ಹತ್ತುತ್ತದೆ, ಹತ್ತಲಿ. ಪಾದದ ಗಂಟು ಮುಳುಗಿದರೆ ಈ ಕಾರಿಗೆ ಆ ದಾರಿ ಮುಗಿಯಿತು. ಇಂಜಿನ್ ಗಾಳಿ ಎಳೆಯುವ ಕಿಂಡಿ ಬಾಗಿಲಿನ ಹಿಂದೆ ಎತ್ತರದಲ್ಲಿದೆ ಎನ್ನುವ ಧೈರ್ಯ ಕೆಲವರಿಗೆ ಇರುತ್ತದೆ. ನೀರು ಅಷ್ಟು ಏರಬೇಕಿಲ್ಲ. ಮುಂದಿನ ಗಲ್ಲ ತಳ್ಳಿದ ಅಲೆ ಅಡಿಯ ಪ್ಲಾಸ್ಟಿಕ್ ಹಲಗೆಯ ಮೇಲೆ ಹೊಕ್ಕು, ಅದರ ಭಾರಕ್ಕೆ ಕ್ಲಿಪ್ಪು ಕಿತ್ತು, ಹಲಗೆ ರಸ್ತೆಗೆ ಉಜ್ಜುತ್ತಾ ಬರುತ್ತದೆ. ಪ್ಲಾಸ್ಟಿಕ್ ಟೈ ತಂದಿರುವುದು ಇದಕ್ಕೇ: ಸ್ಕ್ರೂ ತೂತಿನಲ್ಲೇ ಪೋಣಿಸಿ ಬಿಗಿದರೆ ಶಿವಮೊಗ್ಗದ ತನಕ ಬರುತ್ತದೆ. ಹರಿಯುವ ನೀರಿನ ಬಲವೇ ಬೇರೆ, 30 ಸೆಂ.ಮೀ. ಆಳದ ಪ್ರವಾಹ ಸಣ್ಣ ಕಾರನ್ನು ಎತ್ತಿ ಒಯ್ಯುತ್ತದೆ. ಕೆಂಪು ನೀರಿನಡಿ ಮೋರಿ ಇದೆಯೋ ಕೊಚ್ಚಿಹೋಗಿದೆಯೋ ತಿಳಿಯುವುದೂ ಇಲ್ಲ. ದಾಟಬಹುದಾದಷ್ಟೇ ನೀರಿದ್ದರೆ ಒಂದನೇ ಗೇರು, ನಡಿಗೆಯ ವೇಗ, ನಡುವೆ ನಿಲ್ಲದೆ.

ಧರೆ ಕುಸಿಯುವ ಮುಂಚೆ ಸುಳಿವು ಕೊಡುತ್ತದೆ. ಚರಂಡಿಯ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗುವುದು, ರಸ್ತೆಗೆ ಸಣ್ಣ ಕಲ್ಲು ಉರುಳಿ ಬಿದ್ದಿರುವುದು, ಮೇಲಿನ ಮರ ರಸ್ತೆಯ ಕಡೆ ಬಾಗಿ ಬೇರು ತೋರಿಸುವುದು. ಅಂಥ ಕಡೆ ಫೋಟೊ ಬೇಡ. ಹುಲಿಕಲ್ ಘಾಟಿಗೆ ಹಳಬರು ಬಾಳೆಬರೆ ಅನ್ನುತ್ತಾರೆ. ಹೊಸಂಗಡಿಯ ಕಡೆಗೆ ಇಳಿಯುವ ಈ ದಾರಿಯಲ್ಲಿ ಕಡಿದಾದ ತಿರುವುಗಳ ಒಳಮಗ್ಗುಲು ತುಂಬಾ ತಗ್ಗು. ಒಳಗಿನಿಂದ ಕತ್ತರಿಸಿ ಹತ್ತಿದರೆ ಹಿಂದಿನ ಒಂದು ಚಕ್ರ ನೆಲ ಬಿಟ್ಟು ಸುತ್ತುತ್ತದೆ, ಗಲ್ಲವೂ ತಾಗುತ್ತದೆ. ಎದುರು ಯಾರೂ ಇಲ್ಲ ಎಂದು ಕಂಡ ಮೇಲೆ ಹೊರಗಿನಿಂದ ಅಗಲವಾಗಿ ಸುತ್ತಬೇಕು. ಘಾಟಿಯನ್ನು ಒಂದು ಸಲ ಇಳಿದು ಹತ್ತಿದ ಮೇಲೆ ಚಕ್ರದ ಹತ್ತಿರ ಮೂಗು ಹಿಡಿದರೆ ಸುಟ್ಟ ವಾಸನೆ ಬರಬಾರದು. ಬಂದರೆ ಕಾಲು ಬ್ರೇಕಿನ ಮೇಲೆ ಹೆಚ್ಚು ಹೊತ್ತು ಇತ್ತು. ಆ ಬಿಸಿ ಡಿಸ್ಕನ್ನು ಕೂಡಲೇ ಹಳ್ಳಕ್ಕೆ ಇಳಿಸಿದರೆ ಸೊಟ್ಟಗಾಗುವ ಸಂಭವವಿದೆ. ಹತ್ತು ನಿಮಿಷ ನಿಲ್ಲಿಸಿ ಆರಿಸಬೇಕು.

ನಗರಕ್ಕೆ ಬರುವ ಹೊತ್ತಿಗೆ ಮಳೆ ಒಂದು ಗಂಟೆ ಬಿಡುವು ಕೊಟ್ಟರೆ ತೋಟಗಳಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವವರು ಕಾಣುತ್ತಾರೆ. ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಗಾಳಿಗೆ ತೇಲಿ ಬಂದ ನೀಲಿ ಹನಿ ಕಾರಿನ ಮೇಲೆ ಒಣಗಲು ಬಿಡಬಾರದು, ನೀರು ಹೊಯ್ದು ತೊಳೆಯಬೇಕು. ತಾಮ್ರದ ಉಪ್ಪು ಅಲ್ಯೂಮಿನಿಯಂ ಚಕ್ರಕ್ಕೆ ಒಳ್ಳೆಯದಲ್ಲ. ಹೊಸನಗರದಲ್ಲಿ ವಸತಿ.

ನಾಲ್ಕನೇ ದಿನ: ಸಿಗಂದೂರು ಸೇತುವೆ, ಜೋಗ

ಹೊಸನಗರದಿಂದ ಬಟ್ಟೆಮಲ್ಲಪ್ಪ, ಸಾಗರ. ರಸ್ತೆ ಸುಲಭ. ಸಾಗರದಲ್ಲಿ ಅರ್ಧ ಗಂಟೆ ಬಂಪರಿನ ದವಡೆಗೆ ಕೊಡಬೇಕು: ಮೂರು ದಿನದ ಎಲೆಯನ್ನು ಕೈ ಹಾಕಿ ತೆಗೆದರೆ ಒಂದು ಮರಿ ಬುಟ್ಟಿ ತುಂಬುತ್ತದೆ.

ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು, ಉದ್ದ ಸುಮಾರು 2.44 ಕಿ.ಮೀ. ಅದಕ್ಕೆ ಮುಂಚೆ ಲಾಂಚಿಗೆ ಕಾರು ಹತ್ತಿಸಬೇಕಿತ್ತು. ಲಾಂಚಿನ ಇಳಿಜಾರು ಹಲಗೆ ಮತ್ತು ಈ ಕಾರಿನ ಗಲ್ಲ, ಎರಡೂ ಒಂದಕ್ಕೊಂದು ಆಗಿಬರುವ ಜೋಡಿಯಲ್ಲ. ಈಗಿನ ತೊಂದರೆ ಗಾಳಿ. ಬಯಲು ನೀರಿನ ಮೇಲಿಂದ ಅಡ್ಡ ಬೀಸುವ ಮಳೆಗಾಳಿಗೆ ಅಡೆತಡೆ ಇಲ್ಲ. ತಗ್ಗು ಕಾರಿಗೆ ಗಾಳಿ ತಾಗುವುದು ಕಡಿಮೆ, ಪಕ್ಕದಲ್ಲಿ ಹೋಗುವ ಬೈಕಿನವರಿಗೆ ಹೆಚ್ಚು. ಅವರಿಗೆ ಜಾಗ ಬಿಟ್ಟು 40ರ ಆಸುಪಾಸು ಸಾಕು.

ಜೋಗದ ಹಾದಿಯಲ್ಲಿ ವೀಕೆಂಡ್ ಆದರೆ ಕಾರುಗಳ ಸಾಲು. 253 ಮೀಟರ್ ಜಲಪಾತ ನೋಡುವುದಕ್ಕಿಂತ ಮಂಜು ಸರಿಯುವುದನ್ನು ಕಾಯುವುದೇ ಹೆಚ್ಚು ಹೊತ್ತು. ಕಾರಿಗೆ ಅದು ಒಣಗುವ ಹೊತ್ತು. ಕಾಲಿಡುವ ಜಾಗದ ಮ್ಯಾಟ್ ಎತ್ತಿ, ಕಾರ್ಪೆಟ್ಟಿಗೆ ಅಂಗೈ ಒತ್ತಿ ನೋಡಬೇಕು. ಒದ್ದೆಯಾಗಿದ್ದರೆ ಎಲ್ಲಿಂದ ಅಂತ ಅವತ್ತೇ ಹುಡುಕಬೇಕು: ಗಾಜಿನ ಬುಡದ ಕಡೆಯಾದರೆ ತೂತು ಮತ್ತೆ ಕಟ್ಟಿದೆ, ಬಾಗಿಲಿನ ಕಡೆಯಾದರೆ ರಬ್ಬರ್ ಬೀಡಿಂಗ್ ಮಡಚಿದೆ. ದಿನಪತ್ರಿಕೆ ಹಾಸಿ ಎರಡು ಸಲ ಬದಲಾಯಿಸಿದರೆ ಬೂಸ್ಟು ಹಿಡಿಯುವುದಿಲ್ಲ. ರಾತ್ರಿ ಶೆಡ್ಡಿನಲ್ಲಿ ನಿಲ್ಲಿಸುವುದಾದರೆ ಹೆಗ್ಗಣದ ಭಯ. ಬೆಚ್ಚಗಿನ ಇಂಜಿನ್ನು ಅವಕ್ಕೆ ಬಚ್ಚಲೊಲೆ ಇದ್ದ ಹಾಗೆ. ಕಾರಿನಲ್ಲಿ ತಿಂಡಿಯ ಚೂರೂ ಇರಬಾರದು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಅಡಿಯಲ್ಲಿ ಕಡಿದ ವೈರಿನ ಚೂರು ಬಿದ್ದಿದೆಯೇ ನೋಡಬೇಕು.

ಐದನೇ ದಿನ: ಬಿ.ಎಚ್. (ಬೆಂಗಳೂರು–ಹೊನ್ನಾವರ) ರಸ್ತೆ, ವಾಪಸ್

ಜೋಗದಿಂದ ಸಾಗರ, ಆನಂದಪುರ, ಆಯನೂರು ಮೇಲೆ ಶಿವಮೊಗ್ಗ, ನೂರು ಕಿ.ಮೀ. ಮೇಲೆ ಸ್ವಲ್ಪ. ಘಾಟಿಯಿಲ್ಲ, ಕಡಿದಾದ ತಿರುವಿಲ್ಲ. ಜಾಗ್ರತೆ ತಪ್ಪುವುದು ಇಲ್ಲೇ. ನೇರ ರಸ್ತೆಯಲ್ಲಿ ಲಾರಿ ಚಕ್ರ ತುಳಿದು ಎರಡು ಉದ್ದ ಗಾಡಿಜಾಡು ಬಿದ್ದಿರುತ್ತವೆ, ನೀರು ನಿಲ್ಲುವುದು ಅವುಗಳಲ್ಲಿ. ಜಾಡಿಗಿಂತ ಒಂದಡಿ ಪಕ್ಕಕ್ಕೆ ಓಡಿಸಬೇಕು. ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾಗಿ, ಇಂಜಿನ್ ಸುತ್ತು ತಾನಾಗಿ ಏರಿದರೆ ಟೈರು ತೇಲಿದೆ. ಬ್ರೇಕೂ ಬೇಡ, ತಿರುಗಿಸುವುದೂ ಬೇಡ. ಸ್ಟಿಯರಿಂಗ್ ನೇರ ಹಿಡಿದು ಕಾಲನ್ನು ನಿಧಾನ ಸಡಿಲಿಸಿದರೆ ಟೈರು ಮತ್ತೆ ನೆಲ ಕಾಣುತ್ತದೆ. ಜೋರು ಮಳೆಯಲ್ಲಿ 60, ಅದರ ಮೇಲೆ ಬೇಡ.

ಶಿವಮೊಗ್ಗಕ್ಕೆ ಬಂದ ಮೇಲೆ ಅವತ್ತೇ ತೊಳೆಯುವುದು ಒಳ್ಳೆಯದು. ಕೆಮ್ಮಣ್ಣು ಒಣಗಿದರೆ ಚಕ್ರದ ಒಳಗಡೆ ಒಂದು ಕಡೆ ಗಡ್ಡೆ ಕಟ್ಟಿಕೊಂಡು, 80ರ ಮೇಲೆ ಸ್ಟಿಯರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಕೆಟ್ಟಿದೆ ಎಂದು ದುಡ್ಡು ಕೊಡುವ ಮುಂಚೆ ಅಲ್ಲಿ ಕೈಯಾಡಿಸಿ ನೋಡಬೇಕು. ಮತ್ತೆ ಲಿಫ್ಟ್. ಅಡಿ ಹಲಗೆಯ ಸ್ಕ್ರೂ ಎಣಿಕೆ, ಪ್ಲಾಸ್ಟಿಕ್ ಟೈ ತೆಗೆದು ಸರಿಯಾದ ಕ್ಲಿಪ್, ಬೋಲ್ಟುಗಳಿಗೆ 160, ಟೈರಿನ ಪಕ್ಕಗಳಲ್ಲಿ ಉಬ್ಬು ಅಥವಾ ಗಾಯ. ಗಾಜಿನ ಬುಡದ ತೊಟ್ಟಿಗೆ ಮತ್ತೆ ಒಂದು ಲೀಟರ್ ನೀರು. ಎಡಕ್ಕೆ ಧಾರೆ ಬಂತು, ಬಲಕ್ಕೆ ತೊಟ್ಟಿಕ್ಕಿತು. ನೈಲಾನ್ ದಾರ ಆಡಿಸಿದಾಗ ಬಂದದ್ದು ಎರಡು ಬಿದಿರೆಲೆ.